ಸೂಜಿ ಚುಚ್ಚದ ಡಾಕ್ಟರು

ದಾವಣಗೆರೆಯಿಂದ ಲೋಕಿಕೆರೆಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ. ಸೊಸೆಯ ತೊಡೆಯ ಮೇಲೆ ವರ್ಷ ತುಂಬಿದ ಮಗು. ಎರಡು ದಿನದಿಂದ ಭೇದಿಯಂತೆ. ಪೇಟೆಯ ಡಾಕ್ಟರಿಗೆ ತೋರಿಸಿಕೊಂಡು ಊರಿಗೆ ಮರಳುತ್ತಿದ್ದರು. ಅತ್ತೆಗೆ ಮಾತ್ರ ಸಮಾಧಾನವೇ ಇಲ್ಲ.

"ಒಂದು ಸೂಜಿ ಚುಚ್ಚಲಿಲ್ಲ, ಒಂದು ಬಾಟ್ಲಿ ಏರಿಸಲಿಲ್ಲ. ಉಪ್ಪು-ಸಕ್ಕರೆ ಪುಡಿ ಕೊಟ್ಟು ಕಳಿಸ್ಯಾರೆ. ಅದರ ಮ್ಯಾಲೆ ಮಗೀಗೆ ಅನ್ನ ಕೊಡ್ರಿ ಅಂತಾರೆ! ಇವರಪ್ಪನೇ ವಾಸಿ ಇದ್ರು, ಹೋದ ತಕ್ಷಣ ಇಂಜೆಕ್ಷನ್ ಹಾಕ್ತಿದ್ರು."

ಸೊಸೆ ತಲೆ ತಗ್ಗಿಸಿ ಮಗುವಿನ ಬೆವರು ಒರೆಸುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. "ಅಮ್ಮಾ, ಆ ಡಾಕ್ಟರು ಹೊಸ ಪಾಠ ಕೇಳಿ ಬಂದವರಿರಬೇಕು" ಅಂದೆ.

"ಡಾಕ್ಟ್ರಾದ ಮ್ಯಾಲೂ ಪಾಠ ಏನ್ರೀ?"

ಆಕೆಯ ಪ್ರಶ್ನೆಗೆ ನಗು ಬಂತಾದರೂ, ನಮ್ಮಲ್ಲಿ ಎಷ್ಟು ಜನ ಇದನ್ನು ಯೋಚಿಸಿದ್ದೇವೆ, ಹೇಳಿ? ಡಾಕ್ಟರ ಗೋಡೆಯ ಮೇಲೆ ತೂಗುವ ಸರ್ಟಿಫಿಕೇಟು ಮೂವತ್ತು ವರ್ಷ ಹಳೆಯದಿರಬಹುದು. ಆ ಮೂವತ್ತು ವರ್ಷಗಳಲ್ಲಿ ಮಕ್ಕಳ ಭೇದಿ, ಕೆಮ್ಮು, ಜ್ವರದ ಬಗೆಗಿನ ತಿಳಿವಳಿಕೆ ಅದೆಷ್ಟೋ ಬದಲಾಗಿದೆ.

ನನ್ನ ಮೊದಲ ಮಗುವಿಗೆ ಭೇದಿ ಹತ್ತಿದಾಗ ನಮ್ಮೂರಿನ ವೈದ್ಯರೊಬ್ಬರು (ಹೆಸರು ಬೇಡ, ಒಳ್ಳೆಯ ಮನುಷ್ಯರು) "ಎರಡು ದಿನ ಹೊಟ್ಟೆಗೆ ಏನೂ ಬೇಡ, ಬರೀ ಬಾರ್ಲಿ ನೀರು" ಎಂದಿದ್ದರು. ಮಗು ಹಸಿದು ಬೆರಳು ಚೀಪುತ್ತ ಅಳುತ್ತಿತ್ತು, ನಾನು ಬಚ್ಚಲುಮನೆಗೆ ಹೋಗಿ ಅಳುತ್ತಿದ್ದೆ. ಎರಡನೆಯ ದಿನ ಮಗುವಿನ ಕಣ್ಣು ಗುಳಿಬಿದ್ದವು. ಉಳಿಯಿತು, ದೇವರು ದೊಡ್ಡವನು. ಅವರು ಕಲಿತದ್ದನ್ನೇ ಅವರು ಹೇಳಿದ್ದರು. ಆಮೇಲೆ ಕಲಿತಿರಲಿಲ್ಲ, ಅಷ್ಟೇ.

ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಹೆಚ್ಚಾಗಿ ಮೈಯಿಂದ ಸೋರಿಹೋಗುವ ನೀರು ಮತ್ತು ಲವಣ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅದೇ ಇಂದಿನ ಓಆರ್‌ಎಸ್. ಅದೂ ನಿಂತಲ್ಲೇ ನಿಲ್ಲಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಉಪ್ಪು, ಗ್ಲೂಕೋಸ್ ಎರಡನ್ನೂ ಕಡಿಮೆ ಮಾಡಿತು. ವಾಂತಿ ತಗ್ಗಿತು, ಬಾಟಲಿ ಏರಿಸುವ ಪ್ರಸಂಗವೂ ತಗ್ಗಿತು. 2004ರಲ್ಲಿ ಸತುವಿನ ಮಾತ್ರೆ, ಅಂದರೆ ಜಿಂಕ್, ಜೊತೆಗೆ ಸೇರಿತು: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಚಿಕ್ಕದಕ್ಕೆ 10. ಭೇದಿ ನಿಂತರೂ 10ರಿಂದ 14 ದಿನ ಪೂರ್ತಿ ಕೊಡಬೇಕು. ಜೊತೆಗೆ ಎದೆಹಾಲು, ಊಟ ನಿಲ್ಲಿಸಕೂಡದು. ಸೂಜಿಯ ಮಾತೆಲ್ಲಿ? ಎಳೆಮಕ್ಕಳ ಭೇದಿ ಬಹುಪಾಲು ವೈರಸ್ಸಿನದು, ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಮಲದಲ್ಲಿ ರಕ್ತ ಬಂದರೆ, ಮಗು ಕುಡಿಯಲಾರದೆ ಮಂಕಾದರೆ, ಕಣ್ಣು ಗುಳಿಬಿದ್ದರೆ ಮಾತ್ರ ಮನೆಯಲ್ಲಿ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಡಾಕ್ಟರು ಇದನ್ನೆಲ್ಲ ತಿಳಿಯುವುದು ಹೇಗೆ? ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಪಾಠಗಳಲ್ಲಿ ಕೂರಬೇಕೆಂದು 2002ರ ವೈದ್ಯಕೀಯ ನಿಯಮಾವಳಿ ಹೇಳಿದೆ. ವರ್ಷಕ್ಕೆ ಆರೇ ಗಂಟೆ! ನಾವು ಒಂದು ಮದುವೆಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಸರ್ಕಾರಿ ವೈದ್ಯರಿಗೆ ಎಂಟು ದಿನದ ಮಕ್ಕಳ ಕಾಯಿಲೆಯ ತರಬೇತಿಯೂ ಇದೆ. ಕೈಗಡಿಯಾರ ಹಿಡಿದು ಮಗುವಿನ ಉಸಿರು ಎಣಿಸುವುದನ್ನು ಅಲ್ಲಿ ಕಲಿಸುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40: ಅಷ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು. ಡಾಕ್ಟರು ಮಗುವಿನ ಎದೆಯನ್ನೂ ಗಡಿಯಾರವನ್ನೂ ನೋಡುತ್ತ ಸುಮ್ಮನೆ ಕೂತರೆ "ಕೈಲಾಗದವನು" ಎನ್ನಬೇಡಿ, ಎಣಿಸಲು ಬಿಡಿ.

ಪಾಠದ ಖರ್ಚನ್ನು ಯಾರು ಕೊಡುತ್ತಾರೆ ಎನ್ನುವುದೂ ನಮ್ಮ ಪ್ರಶ್ನೆಯಾಗಬೇಕು. ಕೈಚೀಲ, ಪೆನ್ನು, ಭರ್ಜರಿ ಊಟ ಹಂಚಿದ ಕಂಪನಿಯ ಔಷಧ ಆಮೇಲೆ ಚೀಟಿಯಲ್ಲಿ ಬಾರದಿರುತ್ತದೆಯೇ? ಹಾಲಿನ ಪುಡಿ, ಶಿಶು ಆಹಾರದ ಕಂಪನಿಗಳು ವೈದ್ಯರ ಸಭೆಗಳಿಗೆ ಹಣ ಕೊಡುವುದನ್ನು ಕಾನೂನೇ ತಡೆದಿದೆ. 1992ರ ಆ ಕಾಯಿದೆಯನ್ನು 2003ರಲ್ಲಿ ಇನ್ನಷ್ಟು ಬಿಗಿಮಾಡಿದರು. ಒಳ್ಳೆಯದಾಯಿತು.

ಹಾಗೆಂದು ಪಾಠವೆಲ್ಲ ದೂರದಿಂದಲೇ ಬರಬೇಕೆಂದಿಲ್ಲ. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಶುರುವಾದದ್ದು. ಅಲ್ಲಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಮತ್ತು ಸಂಗಡಿಗರು ಎದೆತೊಟ್ಟು ಒಳಸೇರಿದ ಬಾಣಂತಿಯರ ಕಷ್ಟವನ್ನು ನೋಡಿದ್ದರು. ಕೂಸಿಗೆ ತೊಟ್ಟು ಸಿಗದು, ಅದು ಅರಚುತ್ತದೆ, ನೋಡಿದವರು "ಹಾಲಿಲ್ಲ" ಎಂದು ಬಾಟಲಿ ತರುತ್ತಾರೆ. ನಮ್ಮ ಮನೆಗಳ ಹಳೆಯ ಕಥೆ. ಇವರು ಹಿಡಿದದ್ದು ಒಂದು ಪ್ಲಾಸ್ಟಿಕ್ ಸಿರಿಂಜು! ಸೂಜಿ ಕೂರುವ ತುದಿಯನ್ನು ಕತ್ತರಿಸಿ, ಆ ಕಡೆಯಿಂದ ದಂಡವನ್ನು ತೂರಿಸಿ, ನಯವಾದ ಇನ್ನೊಂದು ಕಡೆಯನ್ನು ತೊಟ್ಟಿನ ಮೇಲಿಟ್ಟು ತಾಯಿ ತಾನೇ ಮೆಲ್ಲಗೆ ಎಳೆಯುವುದು. ಅರ್ಧದಿಂದ ಒಂದು ನಿಮಿಷ ಹಿಡಿದಿದ್ದು, ನೋವೆನಿಸಿದರೆ ಸಡಿಲಿಸಿ, ತೊಟ್ಟು ಹೊರಬಂದ ಕೂಡಲೇ ಕೂಸನ್ನು ಎದೆಗೆ ಹಾಕುವುದು. 1993ರಲ್ಲಿ ಹೊರದೇಶದ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಸಿರಿಂಜಿನ ಉಪಾಯ ವಿಶ್ವ ಆರೋಗ್ಯ ಸಂಸ್ಥೆಯ ಎದೆಹಾಲಿನ ತರಬೇತಿ ಪಾಠಗಳಲ್ಲೂ ಇದೆ. (ಮಾಡುವವರು ಹೆರಿಗೆಯಾದ ಮೇಲೆ, ನರ್ಸಮ್ಮನವರಿಂದ ಒಮ್ಮೆ ತೋರಿಸಿಕೊಂಡು ಮಾಡಿ.) ಬೆಣ್ಣೆದೋಸೆಯ ಊರೆಂದು ಮಾತ್ರ ದಾವಣಗೆರೆಯನ್ನು ಹೊಗಳುವವರಿಗೆ ಇದನ್ನೂ ಹೇಳಬೇಕು.

ಬಸ್ಸಿನಲ್ಲಿ ಇಷ್ಟೆಲ್ಲ ಹೇಳಲಾಯಿತೇ? ಇಲ್ಲ. ಪೊಟ್ಟಣದ ಪುಡಿಯನ್ನೆಲ್ಲ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಟ್ಟಿಗೇ ಹಾಕಿ, ಒಂದು ದಿನದೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ ಎಂದೆ. ಭೇದಿಯಾದಾಗಲೆಲ್ಲ ಕಾಲು ಲೋಟದಷ್ಟು, ಚಮಚ ಚಮಚವಾಗಿ; ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಪೊಟ್ಟಣ ಮುಗಿದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಎಂದೂ ಸೇರಿಸಿದೆ.

ಸೊಸೆ ಚೀಲದಿಂದ ನೀರಿನ ಬಾಟಲಿ ತೆಗೆದಳು. ಡಾಕ್ಟರ ಹತ್ತಿರವೇ ಕಲಸಿಕೊಂಡು ಬಂದಿದ್ದಳಂತೆ, ಅತ್ತೆಯ ಹೆದರಿಕೆಗೆ ಮುಚ್ಚಿಟ್ಟಿದ್ದಳು. ಮಗು ನಾಲ್ಕು ಚಮಚ ಕುಡಿದು ಐದನೆಯದಕ್ಕೆ ತಾನೇ ಬಾಯಿ ತೆರೆಯಿತು. ಲೋಕಿಕೆರೆ ಬಂತು. ಇಳಿಯುವಾಗ ಅತ್ತೆ ತಿರುಗಿ ನೋಡಿದರು.

"ಅನ್ನ ಅಂದ್ರಲ್ಲಾ, ಮೊಸರನ್ನ ಕೊಡಬಹುದೇನ್ರೀ?"

"ಧಾರಾಳವಾಗಿ. ಮೆತ್ತಗೆ ಹಿಸುಕಿ ಕೊಡಿ" ಅಂದೆ.