ಬೆಸುಗೆಯ ಕಾವಿಗೆ ಕಡಿವಾಣ

ತವರ 63, ಸೀಸ 37 ಪಾಲು ಬೆರೆತ ಬೆಸುಗೆಲೋಹವು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಿಯಂತ್ರಣವಿಲ್ಲದ ಸೋಲ್ಡರಿಂಗ್ ಐರನ್ನಿನ ಮೊನೆಯಾದರೋ 400 ಡಿಗ್ರಿಯನ್ನೂ ಮೀರಬಹುದು. ಆಗ ಮೊನೆ ಕಪ್ಪಿಡುತ್ತದೆ; ಸರ್ಕ್ಯೂಟ್ ಹಲಗೆಯ ತಾಮ್ರದ ಪಟ್ಟಿ ಕಿತ್ತುಬರುತ್ತದೆ. ಈ ಕಾವನ್ನು ನಾವೇ ಹತೋಟಿಗೆ ತರಬಹುದೆ?

ಐರನ್ನಿನೊಡನೆ ಸರಣಿಯಲ್ಲಿ ಡಯೋಡೊಂದನ್ನು ಸೇರಿಸಿದರೆ ಪರ್ಯಾಯ ವಿದ್ಯುತ್ತಿನ ಅರ್ಧ ಅಲೆ ಮಾತ್ರ ಹರಿದು, ಕಾವು ತಗ್ಗುತ್ತದೆ. ಆದರೆ ದಪ್ಪ ತಂತಿಗೆ ತಗುಲಿ ಮೊನೆ ತಣಿದರೆ ಡಯೋಡಿಗೆ ಅದರ ಅರಿವಾಗದು.

ಆ ಅರಿವನ್ನು ಕೊಡುವುದು ಮೊನೆಯ ಬಳಿಯಿಟ್ಟ ಥರ್ಮೋಕಪಲ್. ‘ಕೆ’ ಬಗೆಯದರಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ಇದನ್ನು ವರ್ಧಿಸಿ, ನಾವು ಗೊತ್ತುಪಡಿಸಿದ ವೋಲ್ಟೇಜಿನೊಡನೆ ಹೋಲಿಸಬೇಕು. ಕಡಿಮೆಯಿದ್ದರೆ ರಿಲೇ ವಿದ್ಯುತ್ತನ್ನು ಹರಿಸುತ್ತದೆ, ಹೆಚ್ಚಿದರೆ ತಡೆಯುತ್ತದೆ.

ಇದಕ್ಕೆ 24 ವೋಲ್ಟಿನ ಐರನ್ನೇ ಲೇಸು. ಅದರ ಟ್ರಾನ್ಸ್‌ಫಾರ್ಮರನ್ನು ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ, ಫ್ಯೂಸನ್ನು ತಪ್ಪದೆ ಜೋಡಿಸಬೇಕು. ಮನೆಯ 230 ವೋಲ್ಟಿನೊಡನೆ ಆಟ ಸಲ್ಲದು.