ಗುಣವಾಗದಿದ್ದರೂ ಆರೈಕೆಯುಂಟು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರಲ್ಲಿ ಇದೇ ದಿನ ಮಾತೆ ಮರಿಯಮ್ಮನವರು ಬಡ ಹುಡುಗಿ ಬರ್ನದೆತ್ತಳಿಗೆ ದರ್ಶನವಿತ್ತರು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಲೂರ್ದಿಗೆ ಹೋದವರೆಲ್ಲ ಗುಣವಾಗಿ ಮರಳುವುದಿಲ್ಲ. ಆದರೂ ಅಲ್ಲಿ ರೋಗಿಗಳಿಗೇ ಮೊದಲ ಸ್ಥಾನ. ಗುಣವಾಗದ ರೋಗಿಗೆ ನಮ್ಮ ಆಸ್ಪತ್ರೆಗಳಲ್ಲಿ ಯಾವ ಸ್ಥಾನವಿದೆ? ಈ ಹಬ್ಬದಂದು ಇದನ್ನು ಚಿಂತಿಸೋಣ.

ವೇಮಗಲ್ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿಗೆ ಕ್ಯಾನ್ಸರ್, ಇನ್ನು ಗುಣವಾಗದು ಎಂದು ವೈದ್ಯರು ತಿಳಿಸಿದ್ದಾರೆ. ನಡುರಾತ್ರಿ ಏದುಸಿರು ಹತ್ತುತ್ತದೆ. ಗಾಬರಿಯಾದ ಮಕ್ಕಳು 108ಕ್ಕೆ ಕರೆ ಮಾಡಿ ಕೋಲಾರದ ಆಸ್ಪತ್ರೆಗೆ ಧಾವಿಸುತ್ತಾರೆ. ತುರ್ತು ವಿಭಾಗದ ವೈದ್ಯರಿಗೆ ಅಜ್ಜಿಯ ಪರಿಚಯವಿಲ್ಲ, ಕಾಯಿಲೆಯ ಕಡತ ಮನೆಯಲ್ಲೇ ಉಳಿದಿದೆ, ಕೈಯಲ್ಲಿರುವುದು ಕೆಲವೇ ನಿಮಿಷ. ಅವರು ಕಲಿತದ್ದು ಪ್ರಾಣ ಉಳಿಸುವುದನ್ನು: ಗಂಟಲಿಗೆ ಕೊಳವೆ, ವೆಂಟಿಲೇಟರ್, ಎದೆ ಒತ್ತುವುದು. ಅಪಘಾತವಾದ ಯುವಕನಿಗೆ, ಹಾವು ಕಚ್ಚಿದ ರೈತನಿಗೆ ಇದು ಜೀವದಾನವೇ ಸರಿ. ಆದರೆ ಬದುಕಿನ ಕೊನೆಯ ಹಂತ ತಲುಪಿದ ಅಜ್ಜಿಗೆ ಇದರಿಂದ ಹೊಸ ನೋವಷ್ಟೇ ಸಿಗಬಹುದು.

ಇಲ್ಲಿ ನೆರವಾಗುವುದೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಾಮಕ ಆರೈಕೆ. ಲತೀನಿನ 'ಪಾಲಿಯಂ' ಎಂದರೆ ಮೇಲುಹೊದಿಕೆ. ಮಹಾಧರ್ಮಾಧ್ಯಕ್ಷರು ಹೆಗಲ ಮೇಲೆ ಧರಿಸುವ ಪಟ್ಟಿಗೂ ಅದೇ ಹೆಸರು. ನೋವಿನಲ್ಲಿರುವವರಿಗೆ ಹೊದಿಕೆಯಾಗುವುದೇ ಈ ಆರೈಕೆ. ಅಳತೆಯರಿತು ಕೊಟ್ಟ ಮಾರ್ಫಿನ್ ನೋವನ್ನೂ ಏದುಸಿರನ್ನೂ ತಗ್ಗಿಸುತ್ತದೆ. ತಲೆಯ ಭಾಗ ಎತ್ತರಿಸಿ ಮಲಗಿಸುವುದು, ಮುಖಕ್ಕೆ ಗಾಳಿ ಬೀಸುವುದು, ಒಣಗಿದ ತುಟಿ ತೇವಮಾಡುವುದು, ಮನೆಯವರೊಡನೆ ಕುಳಿತು ಸತ್ಯವನ್ನು ಮೃದುವಾಗಿ ಹೇಳುವುದು ಇವೆಲ್ಲವೂ ಚಿಕಿತ್ಸೆಯೇ.

ವೈದ್ಯರಲ್ಲೂ ಈ ಅರಿವು ಇನ್ನೂ ಬೆಳೆಯಬೇಕಾಗಿದೆ. ಉಪಶಾಮಕ ಆರೈಕೆ ಬೇಕಾದವರಲ್ಲಿ ಸುಮಾರು 14 ಶೇಕಡಾ ಮಂದಿಗೆ ಮಾತ್ರ ಅದು ದೊರೆಯುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಕ್ಯಾನ್ಸರ್‌ಗೆ ಮಾತ್ರ, ಕೊನೆಯ ದಿನಗಳಿಗೆ ಮಾತ್ರ ಎಂಬುದು ತಪ್ಪು ಕಲ್ಪನೆ. ಹೃದಯ, ಮೂತ್ರಪಿಂಡ, ಶ್ವಾಸಕೋಶದ ದೀರ್ಘ ಕಾಯಿಲೆಗಳಿಗೂ, ಇತರ ಚಿಕಿತ್ಸೆಯ ಜೊತೆಜೊತೆಗೇ ಇದು ಸಲ್ಲಬೇಕು. ಮಾರ್ಫಿನ್ ಕುರಿತ ಕಾನೂನಿನ ತೊಡಕುಗಳು 2014ರ ತಿದ್ದುಪಡಿಯಿಂದ ಸಡಿಲಗೊಂಡರೂ ಅಂಜಿಕೆ ಪೂರ್ತಿ ಹೋಗಿಲ್ಲ. ಬೆಂಗಳೂರಿನ ಕರುಣಾಶ್ರಯವು 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾ ಬಂದಿದೆ. ಆ ಅನುಭವ ತುರ್ತು ವಿಭಾಗಗಳಿಗೂ ಹರಿದುಬರಬೇಕು.

'ವೆಂಟಿಲೇಟರ್ ಬೇಡವೆಂದರೆ ಪಾಪವಲ್ಲವೇ?' ಎಂದು ಕೆಲವರು ಅಳುಕುತ್ತಾರೆ. ಫಲಕ್ಕಿಂತ ಹೊರೆಯೇ ಹೆಚ್ಚಾದ ಅಸಾಧಾರಣ ಚಿಕಿತ್ಸೆ ಕಡ್ಡಾಯವಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯೂಸರು 1957ರಲ್ಲೇ ವೈದ್ಯರಿಗೆ ತಿಳಿಸಿದರು. ಆದರೆ ಸಾಯಿಸುವುದು ಎಂದೂ ಸಲ್ಲದು. ದೇಹ ಸ್ವೀಕರಿಸುವವರೆಗೆ ಅನ್ನ, ನೀರು, ಶುಚಿತ್ವ, ಸಾಂತ್ವನ ನಿಲ್ಲಬಾರದು. ಇದನ್ನು ಧರ್ಮಸಭೆ 2020ರ 'ಸಮಾರಿತಾನುಸ್ ಬೋನುಸ್' ಪತ್ರದಲ್ಲಿ ಮತ್ತೆ ಸ್ಪಷ್ಟಪಡಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತು, 2023ರಲ್ಲಿ ಸರಳಗೊಳಿಸಿದ ವಿಧಾನವನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದರಂತೆ ಜೀವರಕ್ಷಕ ಯಂತ್ರ ತೆಗೆಯಲು ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಅದು ಸಾವಿನ ಸೂಜಿಮದ್ದಿಗೆ ಅನುಮತಿಯಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮನೆಯಲ್ಲಿ ದೀರ್ಘ ರೋಗಿಯಿದ್ದರೆ ಅವರ ಇಚ್ಛೆಯನ್ನು ಮೊದಲೇ ಕೇಳಿ ತಿಳಿಯೋಣ. ಕಾಯಿಲೆಯ ಕಡತವನ್ನು ಕೈಗೆಟಕುವಲ್ಲಿ ಇಡೋಣ. ತುರ್ತು ವಿಭಾಗದಲ್ಲಿ 'ಈ ಚಿಕಿತ್ಸೆಯಿಂದ ಇವರಿಗೆ ಏನು ಪ್ರಯೋಜನ? ನೋವು ತಗ್ಗಿಸಲು ಏನು ಮಾಡುವಿರಿ?' ಎಂದು ವೈದ್ಯರನ್ನು ವಿನಯದಿಂದ ಕೇಳೋಣ. ಕೊನೆಯುಸಿರಿನವರೆಗೆ ಕಾಯದೆ ಗುರುಗಳನ್ನು ಬೇಗನೆ ಕರೆಸೋಣ. ಅಭ್ಯಂಗವು ರೋಗಿಗಳ ಸಂಸ್ಕಾರ, ಸಾಯುವವರಿಗೆ ಮಾತ್ರವಲ್ಲ.

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ದಯಾಳು ಸಮಾರಿಯದವನು ಗಾಯಕ್ಕೆ ಎಣ್ಣೆ ಸುರಿದು ಕಟ್ಟಿದ, ಛತ್ರಕ್ಕೆ ಕರೆದೊಯ್ದ, ಆ ರಾತ್ರಿ ಜೊತೆಗಿದ್ದು ನೋಡಿಕೊಂಡ. ಶಿಲುಬೆಯ ಮೇಲಿದ್ದ ಮಗನ ನೋವನ್ನು ಮಾತೆ ಮರಿಯಮ್ಮ ನೀಗಿಸಲಾಗಲಿಲ್ಲ. ಆದರೂ ಬಿಟ್ಟುಹೋಗದೆ ಶಿಲುಬೆಯ ಬಳಿಯೇ ನಿಂತಿದ್ದರು. ನಮ್ಮ ವೈದ್ಯರಿಗೂ ದಾದಿಯರಿಗೂ ಕುಟುಂಬಗಳಿಗೂ ಹಾಗೆ ನಿಲ್ಲುವ ಶಕ್ತಿಯನ್ನು ಆ ತಾಯಿ ಬೇಡಿಕೊಡಲಿ. ಆಮೆನ್.