ಮಗಳು ಮೆಕ್ಯಾನಿಕಲ್ ಓದಬಹುದೇ?

ಅಕ್ಕಂದಿರೇ, ಹೊಲಿಗೆ ಮಿಷನ್ ನಿಮಗೆಲ್ಲ ಗೊತ್ತು. ಕಾಲಿನಿಂದ ತುಳಿಯುತ್ತೀರಿ. ತುಳಿಯುವ ಹಲಗೆ ಮೇಲೆ ಕೆಳಗೆ ಆಡುತ್ತದೆ. ಆಗ ದೊಡ್ಡ ಚಕ್ರ ತಿರುಗುತ್ತದೆ. ಬೆಲ್ಟು ಮೇಲಿನ ಸಣ್ಣ ಚಕ್ರವನ್ನೂ ತಿರುಗಿಸುತ್ತದೆ. ಆಗ ಸೂಜಿ ಮೇಲೆ ಕೆಳಗೆ ಓಡುತ್ತದೆ. ಆಡುವುದು ತಿರುಗುವುದಾಯಿತು. ತಿರುಗುವುದು ಮತ್ತೆ ಆಡುವುದಾಯಿತು. ಇದು ಹೇಗೆ? ಇದನ್ನು ಕಲಿಸುವ ಓದಿಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅನ್ನುತ್ತಾರೆ. ಅಂದರೆ ಯಂತ್ರಗಳ ಓದು.

ಸಿಂಗಸಂದ್ರದಿಂದ ಹೊಸೂರು ರಸ್ತೆಯಲ್ಲಿ ಮುಂದೆ ಹೋಗಿ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಅತ್ತಿಬೆಲೆ. ದಾರಿಯುದ್ದಕ್ಕೂ ಕಾರ್ಖಾನೆಗಳು. ಈ ಕಡೆ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್. ನಮ್ಮ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ದಿನವೆಲ್ಲ ಮಿಷನ್ ಮುಂದೆ ಕೂರುತ್ತಾರೆ. ಮಿಷನ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಬರುವವನು ಹೆಚ್ಚಾಗಿ ಗಂಡಸು. ಹೆಂಗಸರ ಕೈಗೆ ಆಗದ ಕೆಲಸವೇ ಅದು? ಅಲ್ಲ. ಅವನಿಗೆ ಕಲಿಯಲು ಬಿಟ್ಟರು. ನಮ್ಮ ಹುಡುಗಿಯರನ್ನು ಬಿಡಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಪಾಲಿಟೆಕ್ನಿಕ್ ಸೇರಬಹುದು. ಮೂರು ವರ್ಷದ ಓದು. ಮುಗಿದರೆ ಡಿಪ್ಲೊಮಾ ಸಿಗುತ್ತದೆ. ಪಿಯುಸಿ ಬೇಕಿಲ್ಲ. ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇದೆ. ಸರ್ಕಾರದ್ದು. ಸ್ವಾತಂತ್ರ್ಯ ಬರುವ ಮೊದಲೇ ಶುರುವಾದದ್ದು. ಸರ್ ಎಂ. ವಿಶ್ವೇಶ್ವರಯ್ಯನವರು ತಮಗೆ ಬಂದ ಸಂಭಾವನೆಯ ಹಣವನ್ನು ಇದಕ್ಕೆ ಕೊಟ್ಟರು. ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಅವರದೇ ಹೆಸರು. ಸಿಂಗಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂತು. ಆರ್.ವಿ. ರಸ್ತೆಯಲ್ಲಿ ಒಮ್ಮೆ, ಮೆಜೆಸ್ಟಿಕ್‌ನಲ್ಲಿ ಒಮ್ಮೆ ರೈಲು ಬದಲಿಸಿದರೆ ಅಲ್ಲಿಗೆ ಹೋಗಬಹುದು. ದುಡ್ಡು ಉಳಿಸಬೇಕೇ? ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಪ್ರಯಾಣ ಉಚಿತ.

ಅಲ್ಲಿ ಏನು ಕಲಿಸುತ್ತಾರೆ? ಮೊದಲು ನಕ್ಷೆ ಬರೆಯುವುದು. ಯಂತ್ರದ ಒಂದು ಭಾಗ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆ? ಅದನ್ನು ಅಳತೆ ಹಾಕಿ ಬರೆಯಬೇಕು. ರವಿಕೆ ಕತ್ತರಿಸುವ ಮೊದಲು ಗುರುತು ಹಾಕುತ್ತೀರಲ್ಲ, ಹಾಗೆ. ಆಮೇಲೆ ವರ್ಕ್‌ಶಾಪು. ಕಬ್ಬಿಣ ಉಜ್ಜುವುದು, ಬೆಸೆಯುವುದು, ಲೇತ್ ಮಿಷನ್‌ನಲ್ಲಿ ಕಡೆಯುವುದು. ಕಂಪ್ಯೂಟರ್ ಹೇಳಿದಂತೆ ಕೆಲಸ ಮಾಡುವ ಸಿ.ಎನ್.ಸಿ. ಮಿಷನ್ ಕೂಡ ಕಲಿಯಬೇಕು. ಅಳತೆ ಬಹಳ ಸೂಕ್ಷ್ಮ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನೂ ಮೈಕ್ರೋಮೀಟರ್ ಎಂಬ ಸಾಧನ ಅಳೆಯುತ್ತದೆ. ನಮ್ಮ ತಲೆಕೂದಲೇ ಸುಮಾರು ಐದರಿಂದ ಹತ್ತು ಪಾಲು ದಪ್ಪ! ಇಲ್ಲಿ ತೋಳಿನ ಬಲಕ್ಕಿಂತ ತಾಳ್ಮೆ ಮುಖ್ಯ.

ವರ್ಕ್‌ಶಾಪಿನಲ್ಲಿ ಬಳೆ ತೆಗೆದಿಡಬೇಕು. ದುಪಟ್ಟಾ ಬೇಡ. ಜಡೆ ಎತ್ತಿ ಕಟ್ಟಬೇಕು. ಕಾಲಿಗೆ ಷೂ ಬೇಕು. ತಿರುಗುವ ಮಿಷನ್ ಬಟ್ಟೆ, ಕೂದಲು ಎಳೆದುಕೊಳ್ಳುತ್ತದೆ. ಬಳೆ ತೆಗೆದಳು ಅಂತ ಮನೆಯಲ್ಲಿ ಗೊಣಗಬೇಡಿ.

"ಇದು ಗಂಡುಹುಡುಗರ ಓದು" ಅನ್ನುವವರು ಇದ್ದೇ ಇರುತ್ತಾರೆ. ಸುಧಾ ಮೂರ್ತಿಯವರ ಹೆಸರು ಕೇಳಿದ್ದೀರಿ. ಅವರು ಹುಬ್ಬಳ್ಳಿಯಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿದರು. 1974ರಲ್ಲಿ ಟೆಲ್ಕೋ ಎಂಬ ಲಾರಿ ಕಾರ್ಖಾನೆಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಡಿ ಎಂದು ಅದರಲ್ಲಿತ್ತು. ಅವರು ಸುಮ್ಮನಿರಲಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದರು. ಕಾರ್ಖಾನೆ ಅವರನ್ನು ಕರೆಯಿತು, ಕೆಲಸವನ್ನೂ ಕೊಟ್ಟಿತು.

ಕಷ್ಟಗಳೂ ಇವೆ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಗಣಿತ ಬಿಡುವಂತಿಲ್ಲ. ಕೆಲಸ ಸಿಕ್ಕಿದರೂ ಮೊದಲ ಸಂಬಳ ದೊಡ್ಡದಿರುವುದಿಲ್ಲ. ಕೆಲವು ಕಡೆ ರಾತ್ರಿ ಪಾಳಿ ಇರುತ್ತದೆ. ಮನೆಗೆ ಬಿಡಲು ವಾಹನ ಇದೆಯೇ ಎಂದು ಸೇರುವ ಮೊದಲೇ ಕೇಳಬೇಕು.

ದುಡ್ಡಿನ ಮಾತು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಶುಲ್ಕ ಕಡಿಮೆ. ಕೇಂದ್ರ ಸರ್ಕಾರದ 'ಪ್ರಗತಿ' ಎಂಬ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೇ ಇದೆ. ವರ್ಷಕ್ಕೆ 50,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಗಬಹುದು. ಅಂಕ ನೋಡಿ ಕೊಡುತ್ತಾರೆ, ಎಲ್ಲರಿಗೂ ಸಿಗದು. ಆದರೂ ಅರ್ಜಿ ಹಾಕಿಸಿ.

ಐಟಿಐ ಮುಗಿಸಿದವಳು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವಳು ಡಿಸಿಇಟಿ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಪಾಲಿಟೆಕ್ನಿಕ್‌ಗೆ ಹೋಗಿ ವಿಚಾರಿಸಿ. ಅಂಕಪಟ್ಟಿ, ಟಿ.ಸಿ., ಆಧಾರ್ ಬೇಕು. ಜಾತಿ, ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶಾಲೆಯಿಂದ ಆ ಪತ್ರವನ್ನೂ ಬರೆಸಿಕೊಳ್ಳಿ. ಅಂಥವರಿಗೂ ಸ್ವಲ್ಪ ಸೀಟು ಮೀಸಲು.